ನಾಡಿಯೋ, ಉಸಿರೋ? ಹೈದರಾಬಾದಿನ ಕ್ಲೋರೋಫಾರ್ಮ್ ಕಮಿಷನ್ನಿನಿಂದ ಮೂಗಿನ ಮದ್ದಿನವರೆಗೆ

1889ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಹೆಸರಾಂತ ವೈದ್ಯ ಥಾಮಸ್ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದರು. ಬೊಂಬಾಯಿಯಲ್ಲಿ ಹಡಗು ಇಳಿದವರಿಗೆ ನಿಜಾಮರ ರಾಜಧಾನಿ ಮುಟ್ಟಲು ಆಗ ಇದ್ದ ರೈಲುದಾರಿ ನಮ್ಮ ಕಲಬುರಗಿ ಕಡೆಯದೇ. ವಾಡಿಯಲ್ಲಿ ಗಾಡಿ ಬದಲಿಸಬೇಕು. 1874ರಲ್ಲಿ ಶುರುವಾಗಿದ್ದ ನಿಜಾಮರ ರೈಲು ಹತ್ತಿ ಚಿತ್ತಾಪುರ, ಮಳಖೇಡ, ಸೇಡಂ, ಕುರಕುಂಟಾ ದಾಟಿ, ತಾಂಡೂರಿನ ಮೇಲೆ ಹಾಯ್ದು ಹೋಗಬೇಕು. ಹೊಲದಲ್ಲಿ ತೊಗರಿ ಹೂಬಿಡುವ, ಹಿಂಗಾರಿ ಜೋಳ ಮೊಳೆಯುವ ಹೊತ್ತು ಅದು. ಕಿಟಕಿಯಾಚೆ ಕಂಡದ್ದನ್ನು ಬ್ರಂಟನ್ ಎಷ್ಟರಮಟ್ಟಿಗೆ ಗಮನಿಸಿದರೋ! ಅವರ ತಲೆಯಲ್ಲಿದ್ದದ್ದು ಬೇರೆಯೇ ಪ್ರಶ್ನೆ: ಮದ್ದಿನ ಅಮಲಿನಲ್ಲಿ ಮನುಷ್ಯ ಸಾಯುವಾಗ ಮೊದಲು ನಿಲ್ಲುವುದು ಗುಂಡಿಗೆಯೋ, ಉಸಿರೋ?

ಇಂದು ಅಮೆರಿಕದ ಔಷಧಿ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಕೊಳ್ಳಬಹುದಾದ ನಲೊಕ್ಸೋನ್ ಎಂಬ ಮೂಗಿನ ಸ್ಪ್ರೇ ಇದೆ. ಹೆರಾಯಿನ್, ಮಾರ್ಫಿನ್, ಫೆಂಟನಿಲ್ ಮಿತಿಮೀರಿ ನೆಲಕ್ಕೆ ಬಿದ್ದವನ ಮೂಗಿನ ಒಂದು ಹೊಳ್ಳೆಗೆ ಹೊಡೆದರೆ ಎರಡು ಮೂರು ನಿಮಿಷದಲ್ಲಿ ಉಸಿರು ಮರಳುತ್ತದೆ. ಈ ಮದ್ದಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ನ್ಯೂಯಾರ್ಕಿನಿಂದ ಆರಂಭಿಸುತ್ತಾರೆ. ಅದು ಯಾವ ಸಾವನ್ನು ತಡೆಯುತ್ತದೋ ಆ ಸಾವಿನ ಬಗೆಗಿನ ಜಗಳ ಮಾತ್ರ ನಮ್ಮ ಪಕ್ಕದಲ್ಲೇ, ನಿಜಾಮರ ಬೊಕ್ಕಸದ ಖರ್ಚಿನಲ್ಲಿ, ಮೂಸಿ ನದಿ ದಂಡೆಯ ಅಫ್ಜಲ್‌ಗಂಜ್ ಆಸ್ಪತ್ರೆಯಲ್ಲಿ ನಡೆದಿತ್ತು. ಹಾಗಾಗಿ ನಾನು ಅಲ್ಲಿಂದಲೇ ಆರಂಭಿಸುತ್ತೇನೆ.

ಶಸ್ತ್ರಚಿಕಿತ್ಸೆಗೆ ಎಚ್ಚರ ತಪ್ಪಿಸುವ ಮದ್ದಾಗಿ ಕ್ಲೋರೋಫಾರ್ಮ್ ಬಳಕೆಗೆ ಬಂದದ್ದು 1847ರ ನವೆಂಬರ್‌ನಲ್ಲಿ, ಎಡಿನ್‌ಬರೊದ ಜೇಮ್ಸ್ ಯಂಗ್ ಸಿಂಪ್ಸನ್ ಅವರಿಂದ. ಅದಾಗಿ ಮೂರು ತಿಂಗಳು ತುಂಬುವ ಮುನ್ನವೇ, 1848ರ ಜನವರಿ 28ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹ್ಯಾನಾ ಗ್ರೀನರ್ ಎಂಬ ಹದಿನೈದರ ಹುಡುಗಿ ಕಾಲಬೆರಳಿನ ಉಗುರು ತೆಗೆಸಿಕೊಳ್ಳಲು ಹೋಗಿ ಅದರ ಅಮಲಿನಲ್ಲೇ ತೀರಿಹೋದಳು. ಉಗುರಿಗಾಗಿ ಪ್ರಾಣ ಹೋಯಿತು ಎಂದು ಊರೆಲ್ಲ ನಡುಗಿತು. ಏನು ನಿಂತು ಸತ್ತಳು ಎಂಬುದರ ಮೇಲೆ ವೈದ್ಯರು ಎರಡು ಪಂಗಡವಾದರು. ಲಂಡನ್ನಿನವರು ಗುಂಡಿಗೆಯನ್ನೇ ದೂರಿದರು. ಅವರ ಪ್ರಕಾರ ಕ್ಲೋರೋಫಾರ್ಮ್ ಕೊಡುವವನು ರೋಗಿಯ ಮಣಿಕಟ್ಟಿನ ಮೇಲಿಂದ ಬೆರಳು ತೆಗೆಯಬಾರದು. ಆ ಕಾಲದ ಹೆಸರಾಂತ ಅರಿವಳಿಕೆ ವೈದ್ಯ ಜೋಸೆಫ್ ಕ್ಲೋವರ್ ತೆಗೆಸಿಕೊಂಡ ಫೋಟೋದಲ್ಲೂ ಅವರ ಬೆರಳು ರೋಗಿಯ ನಾಡಿಯ ಮೇಲೇ ಇದೆ. ಎಡಿನ್‌ಬರೊದ ಶಸ್ತ್ರವೈದ್ಯ ಜೇಮ್ಸ್ ಸೈಮ್ ಅವರದು ಇದಕ್ಕೆ ವಿರುದ್ಧವಾದ ಪಾಠ: ನಾಡಿಯನ್ನು ಹಿಡಿಯಲೇಬೇಡಿ, ಉಸಿರನ್ನು ನೋಡಿ.

ಆ ಸೈಮ್ ಅವರ ಶಿಷ್ಯ ಎಡ್ವರ್ಡ್ ಲಾರಿ. ಲಾಹೋರಿನಲ್ಲಿ ಶಸ್ತ್ರಚಿಕಿತ್ಸೆ ಕಲಿಸಿ, 1885ರಲ್ಲಿ ಹೈದರಾಬಾದಿಗೆ ರೆಸಿಡೆನ್ಸಿ ಸರ್ಜನ್ನಾಗಿ ಬಂದ. ಅಲ್ಲಿನ ವೈದ್ಯಕೀಯ ಶಾಲೆಯ ಹೊಣೆಯೂ ಅವನಿಗೇ ಬಂತು. ಆ ಶಾಲೆ ಹುಟ್ಟಿದ್ದು 1846ರಲ್ಲಿ. ಅಲ್ಲಿ ಪಾಶ್ಚಾತ್ಯ ವೈದ್ಯವನ್ನು ಮೊದಲು ಕಲಿಸಿದ್ದು ಉರ್ದುವಿನಲ್ಲಿ. ಲಾರಿ ಹಠಮಾರಿ, ಜಗಳಗಂಟ. ಗುರುವಿನ ಮಾತು ಅವನಿಗೆ ವೇದವಾಕ್ಯ. ಅಫ್ಜಲ್‌ಗಂಜಿನಲ್ಲಿ ಅವನು ಬಟ್ಟೆಯ ಶಂಕುವಿನಲ್ಲಿ ಕ್ಲೋರೋಫಾರ್ಮ್ ಕೊಡಿಸುತ್ತಿದ್ದ. ಕೊಡುವ ವಿದ್ಯಾರ್ಥಿಗೆ ಒಂದೇ ಕೆಲಸ, ಎದೆ ಹೊಟ್ಟೆಗಳ ಏರಿಳಿತದ ಮೇಲಿಂದ ಕಣ್ಣು ಕೀಳದಿರುವುದು. ಹೀಗೆ ಸಾವಿರಾರು ಜನರಿಗೆ ಕೊಟ್ಟಿದ್ದೇನೆ, ಒಬ್ಬರೂ ಸತ್ತಿಲ್ಲ ಎಂಬುದು ಅವನ ಹೆಮ್ಮೆ.

ಈಥರ್ ಎಂಬ ಇನ್ನೊಂದು ಮದ್ದು ಇತ್ತಲ್ಲ, ಅದನ್ನೇಕೆ ಬಳಸಲಿಲ್ಲ ಎಂದು ಕೇಳಬಹುದು. ಈಥರ್ ಕುದಿಯುವುದು ಸುಮಾರು 35 ಡಿಗ್ರಿಯಲ್ಲಿ. ಸೇಡಂ, ಶಹಾಬಾದ್ ಕಡೆ ಏಪ್ರಿಲ್ ಬಂತೆಂದರೆ ಪಾರಾ 40 ದಾಟುತ್ತದೆ. ಬಾಟಲಿಯ ಬಿರಡೆ ತೆಗೆದರೆ ಮದ್ದು ರೋಗಿಯ ಮೂಗಿಗಿಂತ ಮೊದಲು ಗಾಳಿಗೆ ಹೋಗುತ್ತದೆ, ಜೊತೆಗೆ ಬೆಂಕಿಯ ಭಯ ಬೇರೆ. ಕ್ಲೋರೋಫಾರ್ಮ್ ಕುದಿಯುವುದು 61ರಲ್ಲಿ. ದಖ್ಖನ್ನಿನ ಬಿಸಿಲಿಗೆ ಅದೇ ತಕ್ಕದ್ದು. ಆದ್ದರಿಂದ ಕ್ಲೋರೋಫಾರ್ಮ್ ಅಪಾಯಕಾರಿ ಎಂದು ತೀರ್ಮಾನವಾದರೆ ಬ್ರಿಟನ್ನಿನ ವೈದ್ಯರು ಈಥರ್ ಹಿಡಿದು ಬಚಾವಾಗಬಹುದಿತ್ತು, ಇಲ್ಲಿಯವರಿಗೆ ಅಂಥ ದಾರಿ ಇರಲಿಲ್ಲ. ಲಾರಿಯ ಹಠಕ್ಕೆ ಗುರುಭಕ್ತಿಯ ಜೊತೆ ಇದೂ ಕಾರಣವಿದ್ದೀತು ಎಂದು ನನ್ನ ಊಹೆ.

ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ನೇಮಿಸಿದ ಗ್ಲಾಸ್ಗೋ ಸಮಿತಿ 1880ರ ಹೊತ್ತಿಗೆ ಕ್ಲೋರೋಫಾರ್ಮ್ ಗುಂಡಿಗೆಗೆ ಕೆಡುಕು ಎಂದು ಹೇಳಿಯಾಗಿತ್ತು. ಅದನ್ನು ಸುಳ್ಳು ಮಾಡಲೇಬೇಕೆಂದು ಲಾರಿ ಹೊರಟ. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಹಣಕ್ಕೆ ಒಪ್ಪಿದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಹಾವು ಕಚ್ಚಿದಾಗ ಈ ದೊರೆಯ ಹೆಸರು ಹೇಳಿ ಆಣೆಯಿಟ್ಟರೆ ವಿಷ ಇಳಿಯುತ್ತದೆಂದು ಪ್ರಜೆಗಳು ನಂಬಿದ್ದರು. ಅಂಥವರ ಖಜಾನೆಯಿಂದಲೇ ಆ ಕಾಲದ ಅತಿ ದೊಡ್ಡ ಪ್ರಾಣಿಪ್ರಯೋಗಗಳಲ್ಲೊಂದಕ್ಕೆ ದುಡ್ಡು ಹೋಯಿತೆಂಬುದು ವಿಚಿತ್ರವಾದರೂ ನಿಜ.

ಮೊದಲ ಕ್ಲೋರೋಫಾರ್ಮ್ ಕಮಿಷನ್ 1888ರಲ್ಲಿ ಕೂತಿತು. ಪ್ಯಾಟ್ರಿಕ್ ಹೆಹಿರ್ ಎಂಬ ಸರ್ಜನ್ ಅದರ ಮುಂದಾಳು. ನಾಯಿಗಳಿಗೆ ಉಸಿರು ನಿಲ್ಲುವವರೆಗೆ ಕ್ಲೋರೋಫಾರ್ಮ್ ಕೊಟ್ಟರು. ಪ್ರತಿ ಬಾರಿಯೂ ಮೊದಲು ನಿಂತದ್ದು ಉಸಿರು; ಗುಂಡಿಗೆ ಆಮೇಲೂ ಒಂದಷ್ಟು ಹೊತ್ತು ಬಡಿಯುತ್ತಿತ್ತು. ಆ ಅವಧಿಯಲ್ಲಿ ಕೃತಕವಾಗಿ ಉಸಿರಾಡಿಸಿದರೆ ಪ್ರಾಣಿ ಎದ್ದು ಕೂರುತ್ತಿತ್ತು. 1889ರ ಆರಂಭದಲ್ಲಿ ವೈದ್ಯಕೀಯ ಶಾಲೆಯ ಬಹುಮಾನ ವಿತರಣೆಗೆ ಕನಾಟ್‌ನ ಡಚೆಸ್ ಬಂದಾಗ ಲಾರಿ ತುಂಬಿದ ಸಭೆಯಲ್ಲಿ ಈ ಫಲಿತಾಂಶವನ್ನು ಸಾರಿದ. ರಾಜಮನೆತನದ ಸೊಸೆಯ ಎದುರು ಆಡಿದ ಮಾತು ಲಂಡನ್ ತಲುಪಲು ತಡವಾಗಲಿಲ್ಲ. ಅಲ್ಲಿನ ‘ಲ್ಯಾನ್ಸೆಟ್’ ಪತ್ರಿಕೆ ನಂಬಲಿಲ್ಲ. ದೂರದ ದೇಶೀ ಸಂಸ್ಥಾನದಲ್ಲಿ ಒಬ್ಬ ಸರ್ಜನ್ ತನ್ನದೇ ಶಿಷ್ಯರನ್ನು ಕಟ್ಟಿಕೊಂಡು ಮಾಡಿದ ಪ್ರಯೋಗಕ್ಕೆ ಏನು ಬೆಲೆ ಎಂಬ ಧಾಟಿ ಅದರದು. ಲಾರಿ ಬಿಡುವ ಕುಳವಲ್ಲ. ನೀವೇ ಒಬ್ಬರನ್ನು ಕಳಿಸಿ, ಖರ್ಚು ನಮ್ಮದು ಎಂದ. ನಿಜಾಮರು ಅದಕ್ಕಾಗಿ 1,000 ಪೌಂಡ್ ಕೊಟ್ಟರು.

‘ಲ್ಯಾನ್ಸೆಟ್’ ಆರಿಸಿದ್ದು ಬ್ರಂಟನ್ ಅವರನ್ನು. ಎದೆನೋವಿಗೆ ಅಮೈಲ್ ನೈಟ್ರೈಟ್ ಎಂಬ ಮದ್ದನ್ನು 1867ರಲ್ಲಿ ಕಂಡುಕೊಟ್ಟವರು ಇವರೇ. ಗುಂಡಿಗೆಯ ಮದ್ದುಗಳ ಬಗ್ಗೆ ಅಂದು ಅವರ ಮಾತೇ ಕೊನೆ. ಕ್ಲೋರೋಫಾರ್ಮ್ ಗುಂಡಿಗೆಯನ್ನು ನೇರವಾಗಿ ನಿಲ್ಲಿಸಬಲ್ಲದು ಎಂದು ನಂಬಿಕೊಂಡೇ ವಾಡಿಯಲ್ಲಿ ಗಾಡಿ ಬದಲಿಸಿದ ಮನುಷ್ಯ ಅವರು.

ಎರಡನೇ ಕಮಿಷನ್ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಕೆಲಸ ಮಾಡಿತು. ಲಾರಿ ಅಧ್ಯಕ್ಷ. ಬ್ರಂಟನ್, ಗೆರಾಲ್ಡ್ ಬಾಮ್‌ಫರ್ಡ್, ಹೈದರಾಬಾದಿನವರೇ ಆದ ಡಾ. ರುಸ್ತುಮ್‌ಜಿ ಸದಸ್ಯರು. ನಾಯಿ, ಕೋತಿ, ಕುದುರೆ, ಮೇಕೆ, ಬೆಕ್ಕು, ಮೊಲ ಎಂದು ನಾನೂರಕ್ಕೂ ಹೆಚ್ಚು ಜೀವಗಳು ಆ ಮೇಜಿನ ಮೇಲೆ ಬಂದುಹೋದವು. ರಕ್ತದೊತ್ತಡ ಅಳೆಯುವ ಯಂತ್ರ ಜೋಡಿಸಿ, ಮಸಿ ಬಳಿದ ಕಾಗದದ ಮೇಲೆ ಗೆರೆ ಮೂಡಿಸಿ, ಗೆರೆಗಳ ಫೋಟೋ ತೆಗೆದಿಟ್ಟರು. ಇಂದಿನ ಕಣ್ಣಿಗೆ ಇದು ಓದಲು ಹಿಂಸೆಯ ವಿವರ. ಆ ಮೂಕಪ್ರಾಣಿಗಳ ಲೆಕ್ಕ ಮನಸ್ಸಿಗೆ ಚುಚ್ಚುತ್ತದೆ. ಆದರೂ ಬ್ರಂಟನ್ ತಾವು ನಂಬಿದ್ದನ್ನು ಕಣ್ಣೆದುರಿನ ಗೆರೆಗಳಿಗೆ ಬಿಟ್ಟುಕೊಟ್ಟರು ಎಂಬುದನ್ನು ಮೆಚ್ಚಲೇಬೇಕು. ಡಿಸೆಂಬರ್‌ನಲ್ಲಿ ಹೈದರಾಬಾದಿನಿಂದ ‘ಲ್ಯಾನ್ಸೆಟ್’ಗೆ ಅವರ ತಂತಿ ಹೋಯಿತು. ಅದರ ತಿರುಳು ಇಷ್ಟು: ಕ್ಲೋರೋಫಾರ್ಮ್‌ನ ಅಪಾಯವಿರುವುದು ಉಸಿರುಕಟ್ಟುವುದರಲ್ಲಿ, ಇಲ್ಲವೇ ಮಿತಿಮೀರಿದ ಪ್ರಮಾಣದಲ್ಲಿ, ಗುಂಡಿಗೆಗೆ ನೇರವಾದ ಅಪಾಯ ಇಲ್ಲವೇ ಇಲ್ಲ.

ಲಾರಿಗೆ ಇದು ಗೆಲುವಿನ ಹಬ್ಬ. ಕ್ಲೋರೋಫಾರ್ಮ್ ಕೊಡುವವನು ಉಸಿರೊಂದನ್ನೇ ಗಮನಿಸಬೇಕು ಎಂಬುದು ಕಮಿಷನ್ನಿನ ತೀರ್ಪಾಯಿತು. ನಿಜಾಮರ ಹಣ, ಹೈದರಾಬಾದಿನ ಹೆಸರು ಲೋಕದ ವೈದ್ಯಪತ್ರಿಕೆಗಳಲ್ಲಿ ಮೆರೆದವು. ಪಕ್ಕದ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡದ್ದು 1897ರಲ್ಲಿ. ಅದು ಪಠ್ಯಪುಸ್ತಕ ಸೇರಿತು. ಅದಕ್ಕೂ ಎಂಟು ವರ್ಷ ಮುಂಚಿನ ಈ ಕಮಿಷನ್ನನ್ನು ನಮ್ಮ ಭಾಗದ ಯಾವ ಶಾಲೆಯ ಮೇಷ್ಟ್ರೂ ಹೇಳಿದ್ದು ನಾನು ಕೇಳಿಲ್ಲ.

ಮರೆಯಲು ಒಂದು ಕಾರಣವೂ ಇದೆ. ಕಮಿಷನ್ ಹೇಳಿದ್ದು ಅರ್ಧ ಸತ್ಯ. 1893ರಲ್ಲಿ ಕೇಂಬ್ರಿಜಿನ ಗ್ಯಾಸ್ಕೆಲ್ ಮತ್ತು ಶೋರ್ ಅದರ ವಾದವನ್ನು ಪ್ರಶ್ನಿಸಿದರು. 1911ರಲ್ಲಿ ಗುಡ್‌ಮನ್ ಲೆವಿ ಎಂಬ ವೈದ್ಯ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ: ಕ್ಲೋರೋಫಾರ್ಮ್ ಹೆಚ್ಚಾದಾಗಲ್ಲ, ಕಡಿಮೆಯಿದ್ದಾಗಲೇ, ಅರೆ ಎಚ್ಚರದ ಗಾಬರಿಯಲ್ಲಿ ಗುಂಡಿಗೆ ತಾಳ ತಪ್ಪಿ ಅದುರಿ ಥಟ್ಟನೆ ನಿಲ್ಲಬಲ್ಲದು. ಹ್ಯಾನಾ ಗ್ರೀನರ್ ಬಹುಶಃ ಹಾಗೆಯೇ ಸತ್ತಿರಬೇಕು ಎಂದು ನಂತರದ ಅನೇಕರ ಅಭಿಪ್ರಾಯ. ಗುಂಡಿಗೆಗೆ ಅಪಾಯವೇ ಇಲ್ಲ ಎಂದು ಹೈದರಾಬಾದ್ ಹೇಳಿದ್ದು ತಪ್ಪು. ಮಿತಿಮೀರಿದ ಅಮಲಿನಲ್ಲಿ ಉಸಿರು ಮೊದಲು ನಿಲ್ಲುತ್ತದೆ, ಗುಂಡಿಗೆ ಒಂದಷ್ಟು ನಿಮಿಷ ಕಾಯುತ್ತದೆ, ಆ ನಿಮಿಷಗಳಲ್ಲಿ ಉಸಿರು ಕೊಟ್ಟರೆ ಮನುಷ್ಯ ಬದುಕುತ್ತಾನೆ ಎಂದದ್ದು ಮಾತ್ರ ಸರಿ. ಆ ಸರಿಯಾದ ಅರ್ಧಕ್ಕೆ ಕ್ಲೋರೋಫಾರ್ಮ್‌ಗಿಂತ ದೊಡ್ಡ ಉಪಯೋಗ ಕಾದಿತ್ತು.

ಅದಕ್ಕೆ ಹೋಗುವ ಮುನ್ನ ರೂಪಾ ಬಾಯಿ ಫರ್ದೂನ್‌ಜಿಯ ಹೆಸರು ಹೇಳದೆ ಮುಂದೆ ಹೋಗುವುದು ಅನ್ಯಾಯ. ಹೈದರಾಬಾದಿನ ಪಾರ್ಸಿ ಹೆಣ್ಣುಮಗಳು. ಲಾರಿಯ ಕಾಲದಲ್ಲಿ ಆ ಶಾಲೆಗೆ ಸೇರಿದ ಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬಳು, ‘ಹಕೀಂ’ ಪದವಿ ಪಡೆದವಳು. ಕ್ಲೋರೋಫಾರ್ಮ್ ಕೊಡುವುದನ್ನೇ ಬದುಕಿನ ಕೆಲಸ ಮಾಡಿಕೊಂಡಳು. ಪರ್ದಾ ಕಾಲದಲ್ಲಿ ಆಪರೇಷನ್ ಮೇಜಿನ ಮೇಲೆ ಮಲಗುವ ಹೆಂಗಸರಿಗೆ ತಲೆಯ ಬಳಿ ಒಬ್ಬ ಹೆಣ್ಣು ಕೂತಿರುವುದು ಎಷ್ಟು ಧೈರ್ಯ ಕೊಟ್ಟಿರಬೇಕು! ಮುಂದೆ ಹೆಚ್ಚಿನ ಓದಿಗೆ ಎಡಿನ್‌ಬರೊಗೂ ಹೋಗಿಬಂದಳು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಹಲವರು ಅವಳನ್ನು ಕರೆಯುತ್ತಾರೆ. ‘ಮೊದಲ’ ಎಂಬ ಪಟ್ಟದ ಬಗ್ಗೆ ವಾದ ಇದ್ದದ್ದೇ. ಉಸಿರು ನೋಡುವುದನ್ನು ಒಂದು ಉದ್ಯೋಗವಾಗಿ ಮಾಡಿದ ಮೊದಲ ಸಾಲಿನವಳು ಎಂಬುದಕ್ಕೆ ವಾದವಿಲ್ಲ.

ಅದೇ ಕಾಲದಲ್ಲಿ ದೇಶದ ದವಾಖಾನೆಗಳಿಗೆ ಇನ್ನೊಂದು ಬಗೆಯ ರೋಗಿಗಳು ಬರುತ್ತಿದ್ದರು: ಅಫೀಮು ತಿಂದವರು. ಬಜಾರಿನಲ್ಲಿ ಅದು ಲೈಸೆನ್ಸಿನ ಅಂಗಡಿಯಲ್ಲೇ ಸಿಗುವ ಸರಕು. ಮೈಕೈ ನೋವಿಗೆ, ಭೇದಿಗೆ, ಕೆಮ್ಮಿಗೆ ಮುದುಕರು ಗುಳಿಗೆ ನುಂಗುತ್ತಿದ್ದರು. ಹೊಲಕ್ಕೆ ಕೂಲಿಗೆ ಹೋಗುವ ತಾಯಂದಿರು ಕೂಸು ಅಳದೆ ಮಲಗಲೆಂದು ಸಾಸಿವೆಯಷ್ಟು ನೆಕ್ಕಿಸುತ್ತಿದ್ದುದು ಪಶ್ಚಿಮ ಭಾರತ, ದಖ್ಖನ್ನಿನ ಉದ್ದಕ್ಕೂ ದಾಖಲಾಗಿದೆ. ಸಾಸಿವೆ ಒಂದಿಷ್ಟು ದಪ್ಪವಾದರೆ ಕೂಸು ಏಳುತ್ತಿರಲಿಲ್ಲ. ಜೀವ ಬೇಸತ್ತವರ ಕೈಗೂ ಸುಲಭವಾಗಿ ಸಿಗುತ್ತಿದ್ದ ವಿಷ ಅದೇ. ನಾರ್ಮನ್ ಚೆವರ್ಸ್ ಬರೆದ ಭಾರತದ ನ್ಯಾಯವೈದ್ಯ ಗ್ರಂಥದಲ್ಲಿ ಅಫೀಮಿನ ಪುಟಗಳು ಒಂದೆರಡಲ್ಲ. 1893ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಅಫೀಮು ಆಯೋಗ ಊರೂರು ತಿರುಗಿ ಏಳುನೂರಕ್ಕೂ ಮಿಕ್ಕ ಸಾಕ್ಷಿಗಳನ್ನು ಕೇಳಿತು. ಕೊನೆಗೆ, ಭಾರತೀಯರ ಅಫೀಮು ಅಭ್ಯಾಸದಿಂದ ಅಂಥ ಕೇಡೇನಿಲ್ಲ ಎಂದು 1895ರಲ್ಲಿ ವರದಿ ಕೊಟ್ಟಿತು. ಬೊಕ್ಕಸಕ್ಕೆ ಅಫೀಮಿನ ವರಮಾನ ಎಷ್ಟು ಬೇಕಿತ್ತು ಎಂಬುದನ್ನು ಬಲ್ಲವರಿಗೆ ಆ ತೀರ್ಪು ಆಶ್ಚರ್ಯ ತರುವುದಿಲ್ಲ.

ಅಫೀಮು ಮಿತಿಮೀರಿದವನಿಗೆ ಆಗಿನ ಚಿಕಿತ್ಸೆ ಏನು? ನಿದ್ದೆ ಹೋಗಗೊಡಬಾರದು ಎಂದು ಇಬ್ಬರು ತೋಳು ಹಿಡಿದು ರಾತ್ರಿಯೆಲ್ಲ ವರಾಂಡದಲ್ಲಿ ನಡೆಸುತ್ತಿದ್ದರು. ಒದ್ದೆ ಟವೆಲಿನಿಂದ ಹೊಡೆಯುತ್ತಿದ್ದರು. ಗಟ್ಟಿ ಕಾಫಿ ಕುಡಿಸುತ್ತಿದ್ದರು. 1894ರ ನಂತರ ಪೊಟ್ಯಾಸಿಯಂ ಪರ್ಮಾಂಗನೇಟಿನ ನೇರಳೆ ನೀರಿನಲ್ಲಿ ಹೊಟ್ಟೆ ತೊಳೆಯುವುದು ಬಂತು. ಬೆಲ್ಲಡೋನಾದ ಅಟ್ರೊಪಿನ್ ಅಫೀಮಿಗೆ ಎದುರು ಮದ್ದು ಎಂದು ಕೆಲವರು, ಅದರಿಂದಲೇ ಸತ್ತರು ಎಂದು ಕೆಲವರು. ಇಷ್ಟರಲ್ಲಿ ನಿಜವಾಗಿ ಪ್ರಾಣ ಉಳಿಸಿದ್ದು ಒಂದೇ: ಉಸಿರು ನಿಧಾನವಾದಾಗ ಕೈಗಳನ್ನೆತ್ತಿ ಇಳಿಸಿ, ಎದೆ ಅದುಮಿ, ಗಂಟೆಗಟ್ಟಲೆ ಕೃತಕವಾಗಿ ಉಸಿರಾಡಿಸುವುದು. ಕಮಿಷನ್ ಕ್ಲೋರೋಫಾರ್ಮ್ ಬಗ್ಗೆ ಹೇಳಿದ ಮಾತು ಅಫೀಮಿಗೆ ಅದಕ್ಕಿಂತ ಚೆನ್ನಾಗಿ ಒಪ್ಪುತ್ತಿತ್ತು.

ಒಪ್ಪಲು ಕಾರಣವಿದೆ. ಮೆದುಳಿನ ಬುಡದಲ್ಲಿ ಉಸಿರಿನ ತಾಳ ಹಾಕುವ ಒಂದು ಸಣ್ಣ ಕೇಂದ್ರ ಉಂಟು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಅದು ಉಸಿರನ್ನು ಚುರುಕು ಮಾಡುತ್ತದೆ. ಅಫೀಮಿನ ಸಾರವಾದ ಮಾರ್ಫಿನ್ ಆ ಕೇಂದ್ರದ ಗ್ರಾಹಕಗಳಿಗೆ (ರಿಸೆಪ್ಟರ್) ಅಂಟಿಕೊಂಡು, ಗಾಳಿ ಬೇಕೆಂಬ ಹಸಿವನ್ನೇ ಮರೆಸಿಬಿಡುತ್ತದೆ. ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಇರಬೇಕಾದ ಉಸಿರು ಎಂಟಕ್ಕೆ, ಆರಕ್ಕೆ, ಎರಡಕ್ಕೆ ಇಳಿಯುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಗೊರಕೆಯಂಥ ಸದ್ದು ಬರುತ್ತದೆ. ಒಳ್ಳೆ ನಿದ್ದೆ ಹತ್ತಿದೆ ಎಂದು ಮನೆಯವರು ಬಾಗಿಲು ಮುಂದೆ ಮಾಡಿಕೊಂಡು ಹೋಗುವುದು ಇಂಥ ಹೊತ್ತಿನಲ್ಲೇ.

ಎದುರು ಮದ್ದಿನ ಸುಳಿವು ಸಿಕ್ಕದ್ದು 1915ರಲ್ಲಿ, ಜರ್ಮನಿಯ ಬ್ರೆಸ್ಲಾವಿನಲ್ಲಿ. ಯೂಲಿಯಸ್ ಪೋಲ್ ಎಂಬ ವಿಜ್ಞಾನಿ ಕೊಡೀನಿನ ಅಣುವಿನ ಒಂದು ತುದಿ ಬದಲಿಸಿ ನೋಡಿದ. ಮಾರ್ಫಿನ್ ಕುಗ್ಗಿಸಿದ ಉಸಿರನ್ನು ಆ ಹೊಸ ವಸ್ತು ಮತ್ತೆ ಎಬ್ಬಿಸಿತು. ಮಹಾಯುದ್ಧದ ಗದ್ದಲ; ಯಾರೂ ಕಿವಿಗೊಡಲಿಲ್ಲ. 1940ರ ದಶಕದಲ್ಲಿ ಅಮೆರಿಕದವರು ಅದೇ ಜಾಡಿನಲ್ಲಿ ನಲಾರ್ಫಿನ್ ಮಾಡಿದರು, 1950ರ ದಶಕದಲ್ಲಿ ಅದು ಆಸ್ಪತ್ರೆಗೆ ಬಂತು. ಅದಕ್ಕೊಂದು ಐಬಿತ್ತು. ಅಫೀಮು ತಿನ್ನದವನಿಗೆ ತಪ್ಪಿ ಕೊಟ್ಟರೆ ಅದೇ ಉಸಿರು ಕುಗ್ಗಿಸುತ್ತಿತ್ತು, ಭಯಂಕರ ಭ್ರಮೆಗಳನ್ನೂ ತರುತ್ತಿತ್ತು.

ಐಬಿಲ್ಲದ ಮದ್ದು ನ್ಯೂಯಾರ್ಕಿನ ಒಂದು ಸಣ್ಣ ಖಾಸಗಿ ಪ್ರಯೋಗಾಲಯದಲ್ಲಿ ತಯಾರಾಯಿತು. ಮೋಸೆಸ್ ಲೆವೆನ್‌ಸ್ಟೈನ್ ಅದರ ಯಜಮಾನ. ಜಾಕ್ ಫಿಶ್‌ಮನ್ ಅಲ್ಲಿ ಕೆಲಸ ಮಾಡುತ್ತಿದ್ದ ಯುವ ರಸಾಯನಶಾಸ್ತ್ರಜ್ಞ. ಪೋಲೆಂಡಿನ ಯಹೂದಿ ಮನೆಯಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡ ಕುಟುಂಬದ ಜೊತೆ ಶಾಂಘೈಯಲ್ಲಿ ಬೆಳೆದವರು. 1961ರ ಮಾರ್ಚ್‌ನಲ್ಲಿ ಇಬ್ಬರೂ ನಲೊಕ್ಸೋನಿಗೆ ಪೇಟೆಂಟ್ ಅರ್ಜಿ ಹಾಕಿದರು. ಅದು ಗ್ರಾಹಕಕ್ಕೆ ಮಾರ್ಫಿನಿಗಿಂತ ಬಿಗಿಯಾಗಿ ಅಂಟಿಕೊಳ್ಳುತ್ತದೆ, ತಾನು ಮಾತ್ರ ಅಮಲು ಕೊಡುವುದಿಲ್ಲ. ಬಾಡಿಗೆದಾರನನ್ನು ಹೊರಗೆ ಹಾಕಿ ಮನೆಗೆ ಬೀಗ ಜಡಿದ ಹಾಗೆ. 1971ರಲ್ಲಿ ಅಮೆರಿಕದ ಔಷಧ ಆಡಳಿತ ಅದನ್ನು ಇಂಜೆಕ್ಷನ್ನಾಗಿ ಒಪ್ಪಿತು. 1973ರಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಮೆದುಳಿನಲ್ಲಿ ಅಫೀಮಿನ ಗ್ರಾಹಕ ಇದೆಯೆಂದು ಮೊದಲ ಬಾರಿ ಸಾಬೀತು ಮಾಡಿದ್ದೂ ವಿಕಿರಣಶೀಲ ನಲೊಕ್ಸೋನ್ ಬಳಸಿಯೇ. ಮದ್ದು ಮೊದಲು ಬಂತು, ಅದು ಹೇಗೆ ಕೆಲಸ ಮಾಡುತ್ತದೆಂಬುದು ಆಮೇಲೆ ತಿಳಿಯಿತು. ಫಿಶ್‌ಮನ್ ತಮ್ಮ ಈ ಆವಿಷ್ಕಾರದಿಂದ ಶ್ರೀಮಂತರಾಗಲಿಲ್ಲ. 2003ರಲ್ಲಿ ಅವರ ಮಲಮಗ ಹೆರಾಯಿನ್ ಮಿತಿಮೀರಿ ತೀರಿಕೊಂಡ. ಮಲತಂದೆ ಕಂಡುಹಿಡಿದ ಮದ್ದು ಅಂದು ಅವನ ಬಳಿ ಇರಲಿಲ್ಲ.

ಏಕೆ ಇರಲಿಲ್ಲ ಎಂಬುದೇ ಮುಂದಿನ ಕಥೆ. ಇಂಜೆಕ್ಷನ್ ಎಂದರೆ ಆಸ್ಪತ್ರೆ, ಸೂಜಿ, ಡಾಕ್ಟರ ಚೀಟಿ. ಸಾಯುವವನು ಇರುವುದು ಬಚ್ಚಲಲ್ಲಿ, ಹಿತ್ತಲಲ್ಲಿ, ಗೆಳೆಯನ ಕೋಣೆಯಲ್ಲಿ. ಮೆದುಳು ಆಮ್ಲಜನಕವಿಲ್ಲದೆ ತಾಳುವುದು ನಾಲ್ಕಾರು ನಿಮಿಷ. 1996ರಲ್ಲಿ ಶಿಕಾಗೋದ ಡ್ಯಾನ್ ಬಿಗ್ ಮತ್ತು ಸಂಗಡಿಗರು ಕಾನೂನಿನ ಅಂಜಿಕೆ ಬದಿಗಿಟ್ಟು ಮಾದಕವ್ಯಸನಿಗಳ ಕೈಗೇ ಈ ಮದ್ದನ್ನು ಕೊಡಲು ಶುರು ಮಾಡಿದರು. ಸೂಜಿಯ ಭಯವನ್ನು ತಪ್ಪಿಸುವ ದಾರಿಯನ್ನು ಬೇರೆಯವರು ಹುಡುಕತೊಡಗಿದರು. ನುಂಗಿದರೆ ನಲೊಕ್ಸೋನ್ ಉಪಯೋಗಕ್ಕೆ ಬಾರದು, ಯಕೃತ್ತು ಅದನ್ನು ಮೊದಲೇ ಮುರಿದುಹಾಕುತ್ತದೆ. ಮೂಗಿನ ಒಳಪೊರೆಯಿಂದ ರಕ್ತಕ್ಕೆ ನೇರ ಹಾದಿ. ಮೆಲ್ಬರ್ನಿನ ಆಂಬುಲೆನ್ಸ್ ಸಿಬ್ಬಂದಿ ಇಂಜೆಕ್ಷನ್ ದ್ರವವನ್ನೇ ಮೂಗಿಗೆ ತುಂತುರಿಸಿ ನೋಡಿದ ಫಲಿತಾಂಶ 2005ರಲ್ಲಿ ಬಂತು. ಮರುವರ್ಷ ಬಾಸ್ಟನ್ ನಗರ ಸಿರಿಂಜಿನ ತುದಿಗೆ ತುಂತುರು ಮೂತಿ ಸಿಕ್ಕಿಸಿ ಜನರಿಗೆ ಹಂಚಿತು. 2015ರ ನವೆಂಬರ್ 18ರಂದು ನಾರ್ಕ್ಯಾನ್ ಎಂಬ ಸಿದ್ಧ ಸ್ಪ್ರೇಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು: ಹೊಳ್ಳೆಗೆ ಒಂದು ಒತ್ತು, 4 ಮಿಲಿಗ್ರಾಂ. ಚೇತರಿಕೆ ಕಾಣದಿದ್ದರೆ ಎರಡು ಮೂರು ನಿಮಿಷ ಬಿಟ್ಟು ಇನ್ನೊಂದು ಹೊಳ್ಳೆಗೆ ಇನ್ನೊಂದು. 2023ರ ಮಾರ್ಚ್ 29ರಂದು ಚೀಟಿಯ ಕಟ್ಟುಪಾಡೂ ಹೋಯಿತು.

ಭಾರತದಲ್ಲಿ ಈ ಮದ್ದು ಬೀದಿಗಿಳಿದದ್ದು ಮಣಿಪುರ, ನಾಗಾಲ್ಯಾಂಡಿನಲ್ಲಿ. ಮ್ಯಾನ್ಮಾರಿನಿಂದ ಮೋರೆ ಗಡಿ ದಾಟಿ ಹೆರಾಯಿನ್ 1980ರ ದಶಕದಲ್ಲೇ ಅಲ್ಲಿಗೆ ಬಂದಿತ್ತು. ಇಂಫಾಲದ ‘ಸಾಸೊ’ದಂಥ ಸ್ಥಳೀಯ ಸಂಸ್ಥೆಗಳು ಇಂಜೆಕ್ಷನ್ ನಲೊಕ್ಸೋನ್ ಇಟ್ಟುಕೊಂಡು, ಫೋನ್ ಬಂದ ಕಡೆ ಓಡಿದವು. ಉಳಿದ ದೇಶದಲ್ಲಿ ಅದು ಆಸ್ಪತ್ರೆಯ ಔಷಧವಾಗಿಯೇ ಉಳಿಯಿತು. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದು ಇರುವುದೂ ಇಂಜೆಕ್ಷನ್ ರೂಪದಲ್ಲೇ. ಹತ್ತಿರದಲ್ಲಿ ಇರುವವರ ಕೈಗೇ ಮದ್ದು ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. 2019ರಲ್ಲಿ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಅಫೀಮು ವರ್ಗದ ಮದ್ದು ಬಳಸುವವರು ಸುಮಾರು 2.26 ಕೋಟಿ. ಅವರಲ್ಲಿ ನೆರವು ಬೇಕಾದವರು 77 ಲಕ್ಷದಷ್ಟು. ನೋವಿನ ಮಾತ್ರೆ ಟ್ರಮಡಾಲ್ 2018ರಲ್ಲಿ ಮಾದಕ ದ್ರವ್ಯ ಕಾಯ್ದೆಯ ಕೆಳಗೆ ಬಂತು.

ಇನ್ನು ನಮ್ಮ ಸೀಮೆಗೆ ಬರೋಣ. 1956ರವರೆಗೆ ತಾಂಡೂರು, ಕೊಡಂಗಲ್ ಗುಲ್ಬರ್ಗಾ ಜಿಲ್ಲೆಯವೇ. ಗಡಿ ಗೆರೆ ಬಿದ್ದರೂ ಸಂತೆ, ಸಂಬಂಧ, ಸೇಂದಿ ಮೂರೂ ಗೆರೆ ದಾಟುತ್ತಲೇ ಇವೆ. ಸೇಡಂ, ಚಿಂಚೋಳಿ ಗಡಿಯ ಸೇಂದಿ ಎಂದರೆ ಈಚಲು ಮರದ್ದು ಎಂದು ತಿಳಿಯುವ ಹಾಗಿಲ್ಲ. ಸಿ.ಎಚ್. ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಅಲ್ಪ್ರಜೋಲಾಮ್ ನೀರಿಗೆ ಕಲಸಿದ್ದೂ ಸೇಂದಿಯ ಹೆಸರಿನಲ್ಲೇ ಮಾರಾಟವಾಗುತ್ತದೆ. ಇದರ ಪುಡಿಗಳನ್ನು ಅಬಕಾರಿಯವರು ಹಿಡಿದ ಸುದ್ದಿ ಕಲಬುರಗಿ, ರಾಯಚೂರಿನ ಪತ್ರಿಕೆಗಳಲ್ಲಿ ಹೊಸದಲ್ಲ. 2015ರಲ್ಲಿ ತೆಲಂಗಾಣ ಕಲಬೆರಕೆ ಸೇಂದಿಯ ಮೇಲೆ ಏಕಾಏಕಿ ಬಿಗಿ ಮಾಡಿದಾಗ, ಪುಡಿ ಸಿಗದೆ ಸೆಳವು, ಹುಚ್ಚಾಟ ಬಂದು ಆಸ್ಪತ್ರೆ ತುಂಬಿದವರನ್ನು ಗಡಿಯ ಈಚೆಯವರೂ ಕಂಡರು.

ಇಲ್ಲಿ ಒಂದನ್ನು ಸ್ಪಷ್ಟವಾಗಿ ಹೇಳಬೇಕು. ಸೇಂದಿಯ ಈ ಪುಡಿಗಳ ಮೇಲೆ ನಲೊಕ್ಸೋನ್ ಕೆಲಸ ಮಾಡುವುದಿಲ್ಲ. ಅದರ ಬೀಗ ಅಫೀಮಿನ ಮನೆಗೆ ಮಾತ್ರ. ಹೊಲಕ್ಕೆ ಹೊಡೆಯುವ ಕೀಟನಾಶಕದ ಎಣ್ಣೆ ಕುಡಿದವರಿಗೂ ಅದರಿಂದ ಉಪಯೋಗವಿಲ್ಲ, ಅವರಲ್ಲಿ ಹಲವರಿಗೆ ಬೇಕಾದದ್ದು ಅಟ್ರೊಪಿನ್. ಅಲ್ಪ್ರಜೋಲಾಮಿಗೂ ಒಂದು ಎದುರು ಮದ್ದು ಇದೆ. ಪುಡಿಯ ಚಟ ಹತ್ತಿದವನಿಗೆ ಅದನ್ನು ಕೊಟ್ಟರೆ ಸೆಳವು ಬಂದೀತೆಂದು ಡಾಕ್ಟರು ಹಿಂಜರಿಯುತ್ತಾರೆ. ಬಿದ್ದವನು ತಿಂದದ್ದು ಏನೆಂದು ಗೊತ್ತಿಲ್ಲದಾಗ ನಲೊಕ್ಸೋನ್ ಕೊಟ್ಟರೆ ಕೆಡುಕಿಲ್ಲ. ಅಫೀಮಾಗಿದ್ದರೆ ಏಳುತ್ತಾನೆ, ಬೇರೆಯಾಗಿದ್ದರೆ ಸುಮ್ಮನಿರುತ್ತಾನೆ. ಎದ್ದವನನ್ನೂ ಮನೆಗೆ ಕಳಿಸುವಂತಿಲ್ಲ. ಅದರ ಬಲ ಅರ್ಧ ಗಂಟೆಯಿಂದ ಒಂದೂವರೆ ಗಂಟೆ, ಹೊಟ್ಟೆಯಲ್ಲಿರುವ ಅಮಲಿನ ಬಲ ಅದಕ್ಕಿಂತ ದೀರ್ಘವಾಗಿದ್ದರೆ ಉಸಿರು ಮತ್ತೆ ಕುಗ್ಗುತ್ತದೆ.

ಅಫೀಮು, ಪುಡಿ ಎರಡಕ್ಕೂ ಸಾಮಾನ್ಯವಾದದ್ದು ಉಸಿರೊಂದೇ. 2008ರ ನವೆಂಬರ್ 1ರಿಂದ ರಾಜ್ಯದಲ್ಲಿ 108ರ ಗಾಡಿ ಇದೆ, ಕುರಕುಂಟಾಕ್ಕೂ ಬರುತ್ತದೆ. ಅದು ಬರುವವರೆಗಿನ ನಿಮಿಷಗಳು ಬದಿಯಲ್ಲಿ ನಿಂತವರ ಕೈಯಲ್ಲಿ. ಬಿದ್ದವನ ತಲೆಗೆ ನಿಂಬೆ ತಿಕ್ಕುವುದು, ಬಾಯಿಗೆ ಮಜ್ಜಿಗೆ, ಉಪ್ಪುನೀರು ಸುರಿದು ವಾಂತಿ ಮಾಡಿಸುವುದು, ಅಫ್ಜಲ್‌ಗಂಜ್ ಕಾಲದ ಹಾಗೆ ಹೊಡೆದು ನಡೆಸುವುದು ಎಲ್ಲವೂ ಕೇಡು. ಎಚ್ಚರ ತಪ್ಪಿದವನ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಕರೆ ಮಾಡಿ. ಎದೆ ಏರುತ್ತಿದೆಯೇ, ನಿಮಿಷಕ್ಕೆ ಎಷ್ಟು ಸಲ ಎಂದು ನೋಡಿ. ಉಸಿರು ನಿಂತಿದ್ದರೆ, ಅಥವಾ ಐದಾರು ಸೆಕೆಂಡಿಗೊಂದೂ ಬಾರದಿದ್ದರೆ, ಗದ್ದ ಎತ್ತಿ, ಮೂಗು ಹಿಡಿದು, ಐದು ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ತುಂಬಿ. ಉಸಿರು ನೆಟ್ಟಗಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಿಟ್ಟು ಹೋಗಬೇಡಿ.

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕಿನ ಓದುಗರು ಮುಂದಿನ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಎರಡು ಪ್ರಶ್ನೆ ಕೇಳಲಿ. ನಮ್ಮ ಕೇಂದ್ರದಲ್ಲಿ ಉಸಿರು ತುಂಬುವ ಅಂಬು ಬ್ಯಾಗು ರಾತ್ರಿ ಪಾಳಿಯ ಸಿಸ್ಟರ್ ಕೈಗೆ ಸಿಗುವಲ್ಲಿದೆಯೇ? ನಲೊಕ್ಸೋನ್ ಆಂಪೂಲ್ ಇದೆಯೇ, ಅದರ ಮೇಲಿನ ತಾರೀಖು ಮುಗಿದಿದೆಯೇ?